ಮಡಿಕೆ ಬಿಚ್ಚದ ಮುಂಡು

ಪಡ್ಡಾಯಿಬೆಟ್ಟಿನ ಪದ್ಮಾಕ್ಷಿ ಹರಿವಾಣ ಹಿಡಿದುಕೊಂಡು ಅಂಗಳಕ್ಕೆ ಬಂದಾಗ ಪೂವಮ್ಮ ದನದ ಹಟ್ಟಿಗೆ ಹಾಸುವ ಸೊಪ್ಪಿನ ಹೊರೆ ಬಿಚ್ಚುತ್ತಿದ್ದಳು. ದೀಪಾವಳಿಯ ಮರುದಿನ. ಹರಿವಾಣದಲ್ಲಿ ವೀಳ್ಯದೆಲೆ, ಅಡಿಕೆ, ಗಂಡಸರು ಉಡುವ ಒಂದು ಹೊಸ ಮುಂಡು, ಮಡಿಸಿಟ್ಟದ್ದು.

"ನೋಣಯ್ಯ ಇಲ್ವಾ?"

"ಇಲ್ಲ ಅಕ್ಕ. ಬೆಳಕು ಹರಿಯುವ ಮೊದಲೇ ಎದ್ದು ಹೋಗಿದ್ದಾನೆ. ಎಲ್ಲಿಗೆ ಅಂತ ಹೇಳಲಿಲ್ಲ."

"ಹಬ್ಬದ ಮರುದಿನ ಎಂಥ ತಿರುಗಾಟ ಅವನದ್ದು! ಇರಲಿ, ನೀನೇ ಹಿಡಿ."

ಪೂವಮ್ಮ ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು. ಧಣಿಯ ಹೆಂಡತಿ ಗದ್ದೆಯ ಅಂಚಿನ ಹುಣಿಯ ಮೇಲೆ ನಡೆದು ಬಂದು ನೀಡಿದ ವೀಳ್ಯಕ್ಕೆ ಕೈ ಚಾಚದೆ ನಿಲ್ಲುವುದು ಹೇಗೆಂದು ಅವಳಿಗೆ ತಿಳಿಯದು. ಪದ್ಮಾಕ್ಷಿ ಅತ್ತ ಹೋದ ಮೇಲೆ ಜಗಲಿಯಲ್ಲಿ ಕುಳಿತು ಒಂದು ಎಲೆಗೆ ಸುಣ್ಣ ಸವರಿ ಬಾಯಿಗೆ ಹಾಕಿಕೊಂಡಳು ಕೂಡ.

ಮಧ್ಯಾಹ್ನ ಮನೆಗೆ ಬಂದ ನೋಣಯ್ಯ ಮೊದಲು ನೋಡಿದ್ದು ತಾಯಿಯ ಕೆಂಪು ಬಾಯಿಯನ್ನು. ಆಮೇಲೆ ಮುಂಡನ್ನು.

"ಹಿಡಿದೆಯಾ ಅಮ್ಮ?"

"ಮತ್ತೆ? ಮನೆಗೆ ಬಂದದ್ದನ್ನು ದೂಡುವುದಾ?"

ಅವನು ಜಗಲಿಯ ಕಂಬಕ್ಕೆ ಒರಗಿ ಕುಳಿತುಬಿಟ್ಟ. ಆ ವೀಳ್ಯ ತನ್ನ ಕೈಗೆ ಬರಬಾರದೆಂದೇ ಅವನು ಹೊತ್ತು ಮೂಡುವ ಮೊದಲು ಮನೆ ಬಿಟ್ಟಿದ್ದ.

ಕಂಬಳದ ಕೋಣ ಸಾಕುವ ಮನೆಗಳಲ್ಲಿ ಅದೊಂದು ಕಟ್ಟು. ದೀಪಾವಳಿ ಕಳೆದ ಮೇಲೆ ಯಾವ ಮನೆಯ ವೀಳ್ಯವನ್ನು ಓಟಗಾರನಾಗಲಿ ಅವನ ಮನೆಯವರಾಗಲಿ ಹಿಡಿಯುತ್ತಾರೋ, ಆ ವರ್ಷದ ಕಂಬಳಗಳು ಮುಗಿಯುವವರೆಗೆ ಅವನು ಆ ಮನೆಯ ಕೋಣಗಳನ್ನೇ ಓಡಿಸಬೇಕು. ಇನ್ನೊಂದು ಮನೆಯವರು ಅವನನ್ನು ಕರೆಯುವಂತಿಲ್ಲ. ಬಿಡಬೇಕಾದರೆ ಕೊಟ್ಟವರೇ ಅದನ್ನು ನಾಲ್ಕು ಜನರೆದುರು ಹಿಂದಕ್ಕೆ ತೆಗೆದುಕೊಳ್ಳಬೇಕು.

ನೋಣಯ್ಯನಿಗೆ ತೋಡಾರಿನಿಂದ ಕರೆ ಬಂದಿತ್ತು. ತಾಯಿಗೆ ಅವನು ಅದನ್ನು ಹೇಳಿರಲಿಲ್ಲ. ಅಲ್ಲಿಯ ಬಲ್ಲಾಳರಿಗೆ ಒಳ್ಳೆಯ ಜೋಡಿ ಇತ್ತು, ಒಳ್ಳೆಯ ಓಟಗಾರ ಇರಲಿಲ್ಲ. ಅವರ ಕಾರುಬಾರು ನೋಡುವ ಅಣ್ಣು ಬೆಳ್ತಂಗಡಿಯ ಸಂತೆಯಲ್ಲಿ ಅವನನ್ನು ಬದಿಗೆ ಕರೆದು ಹೇಳಿದ್ದ: "ನಮ್ಮ ವೀಳ್ಯ ಹಿಡಿ. ಮನೆ ಹಿತ್ತಿಲು ಸಮೇತ ಒಂದು ತುಂಡು ಗದ್ದೆ ಮೂಲಗೇಣಿಗೆ ಬರೆದು ಕೊಡ್ತಾರೆ."

ಮೂಲಗೇಣಿ ಎಂದರೆ ಗೇಣಿ ಕೊಡುತ್ತಿರುವಷ್ಟು ಕಾಲ ಮಕ್ಕಳು ಮೊಮ್ಮಕ್ಕಳವರೆಗೂ ಯಾರೂ ಎಬ್ಬಿಸುವ ಹಾಗಿಲ್ಲ. ಈಗ ಪಡ್ಡಾಯಿಬೆಟ್ಟಿನಲ್ಲಿ ಅವನಿಗಿದ್ದದ್ದು ಚಾಲಗೇಣಿ, ವರ್ಷವರ್ಷದ್ದು. ಆಗಿನ್ನೂ ಜಿಲ್ಲೆ ಮದರಾಸಿಗೆ ಸೇರಿತ್ತು. ಒಕ್ಕಲುಗಳನ್ನು ಉಳಿಸುವ ಕಾನೂನು ಬರುತ್ತದಂತೆ ಎಂದು ಸಂತೆಯಲ್ಲಿ ಮಾತಿತ್ತು, ಬಂದಿರಲಿಲ್ಲ. ಹಿಂದಿನ ವರ್ಷ ಪಕ್ಕದ ಚನಿಯಪ್ಪನ ಸಂಸಾರವನ್ನು ಧಣಿಗಳು ಒಂದೇ ಮಾತಿನಲ್ಲಿ ಎಬ್ಬಿಸಿದ್ದರು. ಚನಿಯಪ್ಪನ ಅಜ್ಜ ಕಡಿದು ಮಾಡಿದ ಗದ್ದೆ ಅದು. ಮಡಕೆ, ಚಾಪೆ, ಕೋಳಿಗೂಡು ಹೊತ್ತುಕೊಂಡು ಆ ಮನೆಯವರು ಗುಡ್ಡ ಇಳಿದು ಹೋದದ್ದನ್ನು ನೋಣಯ್ಯ ಇದೇ ಜಗಲಿಯಿಂದ ನೋಡಿದ್ದ. ಅಂದಿನಿಂದ ಅವನಿಗೆ ತನ್ನ ಮಾಡಿಗೆ ಹುಲ್ಲು ಹೊದೆಸಲೂ ಕೈ ಬಾರದು.

ಮುಂಡನ್ನು ಮಡಿಕೆ ಬಿಚ್ಚದೆ ಕಂಕುಳಲ್ಲಿಟ್ಟುಕೊಂಡು ಅವನು ಆ ಸಂಜೆಯೇ ಧಣಿಗಳ ಮನೆಗೆ ಹೋದ. ಕುಶಾಲಪ್ಪ ಶೆಟ್ಟರು ಚಾವಡಿಯಲ್ಲಿ ಒರಗಿಕೊಂಡಿದ್ದರು.

"ಅಮ್ಮ ಗೊತ್ತಿಲ್ಲದೆ ಹಿಡಿದದ್ದು ಧಣಿಗಳೇ. ಇದನ್ನು ತೆಗೆದುಕೊಳ್ಳಿ."

"ಬಾಯಿಗೆ ಹಾಕಿಕೊಂಡ ಎಲೆಯನ್ನೂ ತಂದಿದ್ದೀಯಾ?" ಎಂದರು ಶೆಟ್ಟರು. ಅಂಗಳದಲ್ಲಿದ್ದ ಆಳುಗಳು ನಕ್ಕರು. ಶೆಟ್ಟರು ನಗಲಿಲ್ಲ. "ತೋಡಾರಿನವರ ಮಾತು ನನ್ನ ಕಿವಿಗೂ ಬಿದ್ದಿದೆ. ಬೊಳ್ಳ, ಕಾಟಿ ಕರುಗಳಾಗಿದ್ದಾಗ ಅವುಗಳ ಹಗ್ಗ ನಿನ್ನ ಕೈಗೆ ಕೊಟ್ಟದ್ದು ನಾನು. ಈಗ ಅವು ಓಡುವ ಕಾಲಕ್ಕೆ ನೀನು ಇನ್ನೊಬ್ಬರ ಗದ್ದೆಗೆ ಇಳಿಯುವುದಾ?"

"ನನಗೆ ನಿಲ್ಲುವುದಕ್ಕೆ ಒಂದು ನೆಲ ಬೇಕು."

"ನಿಂತಿದ್ದೀಯಲ್ಲ."

"ನೀವು ಬಿಡುವವರೆಗೆ."

ಶೆಟ್ಟರು ಎದ್ದು ಕುಳಿತರು. "ವೀಳ್ಯ ಹಿಂದೆ ತೆಗೆದುಕೊಳ್ಳುವುದಿಲ್ಲ. ಹೋಗು."

"ಹಾಗಾದರೆ ನಾನು ಓಡುವುದೂ ಇಲ್ಲ."

"ಸುಗ್ಗಿ ಬೆಳೆ ಕೊಯ್ದ ಮೇಲೆ ಮಾತಾಡುವ," ಎಂದು ಶೆಟ್ಟರು ತಗ್ಗಿದ ದನಿಯಲ್ಲಿ ಹೇಳಿದರು. ಚನಿಯಪ್ಪನಿಗೂ ಅವರು ಅಷ್ಟೇ ಹೇಳಿದ್ದು.

ನೋಣಯ್ಯ ಗದ್ದೆಯ ಕೆಲಸ ಬಿಡಲಿಲ್ಲ. ಸುಗ್ಗಿಗೆ ಉತ್ತ, ನೇಜಿ ನೆಡಿಸಿದ, ಧಣಿಗಳ ಮನೆಯ ಬಿಟ್ಟಿಗೂ ಹೋದ. ಆದರೆ ಕೋಣಗಳ ಹಟ್ಟಿಯ ಬದಿಗೆ ಹೋಗಲಿಲ್ಲ. ಅವುಗಳಿಗೆ ಹುರುಳಿ ಬೇಯಿಸಿ ಹಾಕುವುದು, ಎಣ್ಣೆ ತಿಕ್ಕುವುದು, ಹೊಳೆಯಲ್ಲಿ ಈಜಿಸುವುದು ಎಲ್ಲ ಅವನ ಅಕ್ಕನ ಗಂಡ ಶೇಷಪ್ಪನ ಪಾಲಿಗೆ ಬಂತು. ಶೇಷಪ್ಪನೂ ಆ ಧಣಿಗಳ ಒಕ್ಕಲೇ. ಒಲ್ಲೆ ಎನ್ನುವ ಧೈರ್ಯ ಅವನಲ್ಲಿರಲಿಲ್ಲ.

"ನಿನ್ನ ಬೊಳ್ಳ ನಿನ್ನೆ ನನ್ನನ್ನು ಹೊಳೆಗೆ ಎಳಕೊಂಡು ಹೋಯ್ತು ಮಾರಾಯ. ಅದು ನನ್ನ ಕೊರಳನ್ನೇ ಕೇಳುವುದಿಲ್ಲ."

"ನನ್ನ ಹತ್ತಿರ ಯಾಕೆ ಹೇಳ್ತಿ ಭಾವ?"

"ಮತ್ತೆ ಯಾರ ಹತ್ತಿರ ಹೇಳುವುದು? ಧಣಿಗಳಿಗೆ ಹೇಳಿದರೆ ಬೆತ್ತ ಗಟ್ಟಿ ಹಿಡಿ ಅಂತಾರೆ."

ಸಾಯಂಕಾಲ ಹೊಳೆಯಿಂದ ಮರಳುವಾಗ ಕೋಣಗಳು ಪೂವಮ್ಮನ ಅಂಗಳದ ಎದುರು ನಿಂತುಬಿಡುತ್ತಿದ್ದವು. ಶೇಷಪ್ಪ ಎಳೆದರೂ ಕದಲವು. ನೋಣಯ್ಯ ಆ ಹೊತ್ತಿಗೆ ಹಿತ್ತಿಲಿಗೆ ಹೋಗಿ ಬೇಲಿ ಕಟ್ಟುತ್ತ ಇರುತ್ತಿದ್ದ. ಬಾಯಿ ತೆರೆದರೆ ಅವುಗಳ ಹೆಸರು ಬಂದುಬಿಟ್ಟೀತೆಂದು ತುಟಿ ಕಚ್ಚಿಕೊಂಡೇ ಇರುತ್ತಿದ್ದ.

ಚಳಿಗಾಲದ ಮೊದಲೆರಡು ಕಂಬಳಗಳಿಗೆ ಶೆಟ್ಟರು ಕೋಣಗಳನ್ನು ಕಳಿಸಲೇ ಇಲ್ಲ. ಕಾಲು ನೋವೆಂದು ಹೇಳಿಸಿದರು. ಕೇಳಿದವರು ಕೋಣದ್ದೋ ಧಣಿಗಳದ್ದೋ ಎಂದು ಬೆನ್ನ ಹಿಂದೆ ನಕ್ಕರು. ಮೂರನೆಯದು ಬಂಟ್ವಾಳದ ಕಡೆಯ ದೊಡ್ಡ ಕಂಬಳ. ಎರಡು ಜೋಡಿ ಒಟ್ಟಿಗೆ ಇಳಿಯುವಷ್ಟು ಅಗಲದ ಗದ್ದೆ. ಅದಕ್ಕೆ ಕಳಿಸದಿದ್ದರೆ ಮನೆಯ ಮರ್ಯಾದೆ ಉಳಿಯದು. ಶೆಟ್ಟರು ವಾಲಗದವರನ್ನು ಕರೆಸಿ, ಕೋಣಗಳ ನೊಗಕ್ಕೆ ಹೂ ಕಟ್ಟಿಸಿ ಹೊರಟರು. ಹಗ್ಗ ಶೇಷಪ್ಪನ ಕೈಯಲ್ಲಿತ್ತು.

ನೋಣಯ್ಯನೂ ಬಂದ, ಮುಂಡು ಕಂಕುಳಲ್ಲಿ ಹಿಡಿದುಕೊಂಡು. ನಾಲ್ಕು ಜನ ಸೇರಿದಲ್ಲಿ ಮತ್ತೊಮ್ಮೆ ಕೇಳಿ ನೋಡುವುದೆಂದು ಅವನ ಲೆಕ್ಕ.

"ಎಂತ ನೋಣಯ್ಯ, ಕಂಬಳಕ್ಕೆ ಬಂದದ್ದಾ, ಮದುವೆಗೆ ಬಂದದ್ದಾ?" ಎಂದು ಯಾರೋ ಕೂಗಿದರು.

"ಹೆಣ್ಣು ತೋಡಾರಿನದ್ದಂತೆ!" ಎಂದ ಇನ್ನೊಬ್ಬ.

ಅವನು ಗದ್ದೆಯ ಬದಿಯ ಹುಣಿಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ ನಿಂತ.

ಮೊದಲ ಓಟದಲ್ಲಿ ಎದುರಿಗಿದ್ದದ್ದು ಸೊರಗಿದ ಹಳೆಯ ಜೋಡಿ. ಆದರೂ ಶೇಷಪ್ಪ ಗೆದ್ದದ್ದು ಹೇಗೆಂದು ಅವನಿಗೇ ತಿಳಿಯಲಿಲ್ಲ. ಕೋಣಗಳು ಅರ್ಧ ದಾರಿಯಲ್ಲಿ ನೋಣಯ್ಯ ನಿಂತ ಬದಿಗೆ ವಾಲಿದವು. ಶೇಷಪ್ಪ ಕೆಸರಿನಲ್ಲಿ ಮೊಣಕಾಲೂರಿ, ಹೇಗೋ ಎದ್ದು, ಹೊಡೆಯುತ್ತ ದಡ ಮುಟ್ಟಿಸಿದ. ಎರಡನೆಯ ಓಟದಲ್ಲಿ ಎದುರಿನ ಜೋಡಿಯ ಹಗ್ಗ ಹರಿಯಿತು. ಕೊನೆಯ ಓಟ ತೋಡಾರಿನ ಬಲ್ಲಾಳರ ಜೋಡಿಯೊಂದಿಗೆ. ಅಷ್ಟು ಹೊತ್ತಿಗೆ ಬೊಳ್ಳನ ಬೆನ್ನಿನ ಮೇಲೆ ಬೆತ್ತದ ಗೆರೆಗಳು ಬಾತು ನಿಂತಿದ್ದವು. ನೋಣಯ್ಯ ಅದನ್ನು ನೋಡಿದ, ಮುಖ ತಿರುಗಿಸಿದ, ಮತ್ತೆ ನೋಡಿದ.

ಅಣ್ಣು ಅವನ ಪಕ್ಕಕ್ಕೆ ಬಂದು ನಿಂತ. ಬಾಯಿಯ ಎಲೆಯಡಿಕೆ ಉಗುಳಿ, ಗದ್ದೆಯನ್ನೇ ನೋಡುತ್ತ ಮೆಲ್ಲನೆ ಹೇಳಿದ: "ಇದೊಂದು ಓಟಕ್ಕೆ ನೀನು ಇಲ್ಲೇ ನಿಂತರೆ ಸಾಕು. ಉಳಿದದ್ದು ನಾನು ನೋಡಿಕೊಳ್ತೇನೆ."

"ಮೊದಲು ವೀಳ್ಯ ಬಿಡಿಸಿಕೊಂಡು ಬಾ ಅಂದಿದ್ದಿರಿ."

"ಅದೆಲ್ಲ ಆಮೇಲೆ ಮಾರಾಯ. ಅದೊಂದು ದೊಡ್ಡ ವಿಷಯವಾ?"

"ದೊಡ್ಡದಲ್ಲದಿದ್ದರೆ ನಿಮ್ಮ ವೀಳ್ಯ ಈಗಲೇ ಕೊಡಿ. ಬಲ್ಲಾಳರು ಅಲ್ಲೇ ಕುಳಿತಿದ್ದಾರಲ್ಲ. ಮೂಲಗೇಣಿಯ ಮಾತನ್ನು ಅವರ ಬಾಯಿಯಿಂದ ಕೇಳುವ."

"ಈಗ ಹೇಗೆ? ಇನ್ನೊಬ್ಬರ ವೀಳ್ಯ ನಿನ್ನ ಮೇಲೆ ಇರುವಾಗ?"

ನೋಣಯ್ಯ ಅವನ ಮುಖವನ್ನು ನೋಡಿದ. ಅಣ್ಣು ಎದುರು ನೋಡಲಿಲ್ಲ, ಗದ್ದೆಯ ಆ ತುದಿಯಲ್ಲಿ ಸಜ್ಜಾಗುತ್ತಿದ್ದ ತನ್ನ ಧಣಿಗಳ ಕೋಣಗಳನ್ನೇ ನೋಡುತ್ತಿದ್ದ. ತೋಡಾರಿನವರಿಗೆ ಬೇಕಾದದ್ದು ತಾನು ಅಲ್ಲಿಗೆ ಬರುವುದಲ್ಲ, ಇಲ್ಲಿ ಓಡದಿರುವುದು ಮಾತ್ರ ಎಂಬುದು ನೋಣಯ್ಯನಿಗೆ ಆಗ ತಿಳಿಯಿತು. ಊರಿನಲ್ಲಿ ಸುಗ್ಗಿಯ ಪೈರು ಹಾಲು ತುಂಬಿ ನಿಂತಿತ್ತು. ಕೊಯ್ಲಾದ ಮೇಲೆ ಅವನಿಗೆ ಪಡ್ಡಾಯಿಬೆಟ್ಟೂ ಇಲ್ಲ, ತೋಡಾರೂ ಇಲ್ಲ.

ಅವನು ಹುಣಿಯ ಮೇಲೆಯೇ ನಡೆದು, ಜನರನ್ನು ಸರಿಸಿಕೊಂಡು, ಓಟ ಹೊರಡುವ ತುದಿಗೆ ಬಂದ. ಶೇಷಪ್ಪ ಕೆಸರಿನಲ್ಲಿ ಹಗ್ಗ ಹಿಡಿದು ನಿಂತಿದ್ದ. ಕುಶಾಲಪ್ಪ ಶೆಟ್ಟರ ಕೈಯಲ್ಲಿ ಬೆತ್ತ ಇತ್ತು. ನೋಣಯ್ಯನನ್ನು ಕಂಡು ಅದನ್ನು ಅವನತ್ತ ಚಾಚಿದರು.

ನೋಣಯ್ಯ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡ. "ಮೊದಲು ಈ ಮುಂಡು ತೆಗೆದುಕೊಳ್ಳಿ ಧಣಿಗಳೇ. ಎಲ್ಲರ ಎದುರು."

"ತೆಗೆದುಕೊಂಡರೆ ನೀನು ಆ ಬದಿಗೆ ನಡೀತಿ."

"ನಡೆಯಬಹುದು."

"ಮತ್ತೆ ನಾನು ಎಂಥ ಮಂಗನಾ ತೆಗೆದುಕೊಳ್ಳಲಿಕ್ಕೆ?"

"ತೆಗೆದುಕೊಂಡ ಮೇಲೆ ಇದೊಂದು ಓಟ ಓಡ್ತೇನೆ. ಯಾರ ವೀಳ್ಯವೂ ಇಲ್ಲದೆ, ಈ ಕೋಣಗಳಿಗೆ ಬೇಕಾಗಿ. ನಾಳೆಯಿಂದ ನಾನು ಯಾರ ಓಟಗಾರನೂ ಅಲ್ಲ. ನಿಮಗೆ ಬೇಕು ಅಂತಾದರೆ ವೀಳ್ಯ ನನ್ನ ಕೈಗೇ ತಂದು ಕೊಡಿ, ನಾನು ಉಳುವ ಗದ್ದೆಯ ಮೂಲಗೇಣಿಯ ಮಾತು ಸೇರಿಸಿ. ಬೇಡವಾದರೆ ಸುಗ್ಗಿ ಕೊಯ್ದು, ನಿಮ್ಮ ಗೇಣಿ ಅಳೆದು, ನಾನೇ ಗದ್ದೆ ಬಿಡ್ತೇನೆ. ನೀವು ಎಬ್ಬಿಸಬೇಕಾಗಿಲ್ಲ."

"ಓಡ್ತೀ ಅಂತ ಎಂತ ಭರವಸೆ?"

"ಎಂತದೂ ಇಲ್ಲ."

ಸುತ್ತಲಿನ ಗಲಾಟೆ ತಗ್ಗಿತು. ಆ ಕಡೆ ತೋಡಾರಿನ ಓಟಗಾರ ಹಗ್ಗ ಬಿಗಿಹಿಡಿದು ನಿಂತಾಗಿತ್ತು. ಕೊಂಬಿನವನು ಊದಲೋ ಬೇಡವೋ ಎಂದು ಇತ್ತ ನೋಡುತ್ತಿದ್ದ. ಶೆಟ್ಟರು ಒಮ್ಮೆ ಶೇಷಪ್ಪನನ್ನು, ಒಮ್ಮೆ ಬೊಳ್ಳನ ಬೆನ್ನನ್ನು ನೋಡಿದರು. ಕೋಣ ಮೂಗು ಚಾಚಿ ನೋಣಯ್ಯನ ತೋಳನ್ನು ಮೂಸುತ್ತಿತ್ತು.

ಶೆಟ್ಟರು ಅವನ ಕಂಕುಳಿನಿಂದ ಮುಂಡನ್ನು ಕಿತ್ತುಕೊಂಡರು. "ತೆಗೆದುಕೊಂಡೆ! ಎಲ್ಲರೂ ಕೇಳಿ! ಪಡ್ಡಾಯಿಬೆಟ್ಟಿನ ವೀಳ್ಯ ಇವನ ಮೇಲೆ ಇಲ್ಲ!"

ಆ ಬದಿಯ ಹುಣಿಯಿಂದ ಅಣ್ಣುವಿನ ಕೂಗು ಬಂತು: "ನೋಣಯ್ಯಾ! ಇತ್ತ ಬಾ! ಇನ್ನು ಎಂತ ಅಲ್ಲಿ?"

ನೋಣಯ್ಯ ನಿಂತಲ್ಲೇ ನಿಂತಿದ್ದ. ಆಮೇಲೆ ಅವನು ಉಟ್ಟ ಪಂಚೆಯನ್ನು ಬಿಗಿಯಾಗಿ ಕಚ್ಚೆ ಹಾಕಿ ಕೆಸರಿಗೆ ಇಳಿದ. ಭಾವನ ಕೈಯಿಂದ ಹಗ್ಗ ತೆಗೆದುಕೊಂಡ. ಬೆತ್ತವನ್ನು ಕೇಳಲಿಲ್ಲ. ತಿಂಗಳುಗಟ್ಟಲೆ ಬಾಯೊಳಗೆ ಹಿಡಿದಿಟ್ಟ ಎರಡು ಹೆಸರುಗಳನ್ನು ಒಂದಾದ ಮೇಲೊಂದು ಕರೆದ. ಕೊಂಬು ಮೊಳಗಿತು.

ಅವರು ಸೋತರು. ಮುಕ್ಕಾಲು ದಾರಿಯವರೆಗೆ ಮುಂದಿದ್ದ ಕೋಣಗಳಿಗೆ ಕೊನೆಯಲ್ಲಿ ದಮ್ಮು ಸಾಲಲಿಲ್ಲ. ಸರಿಯಾಗಿ ಈಜಿಸಿರಲಿಲ್ಲ, ಸರಿಯಾಗಿ ಓಡಿಸಿರಲಿಲ್ಲ. ತೋಡಾರಿನ ಜೋಡಿ ಒಂದು ತಲೆಯಷ್ಟು ಮೊದಲು ದಡ ಹತ್ತಿತು. ಆ ಕಡೆ ವಾಲಗ, ಕೇಕೆ. ಅಣ್ಣು ಮತ್ತೆ ಈ ಬದಿಗೆ ತಿರುಗಿ ನೋಡಲಿಲ್ಲ.

ಬೊಳ್ಳ ಬಾಯಿಯಿಂದ ನೊರೆ ಸುರಿಸುತ್ತ ನಿಂತಿತ್ತು. ಶೆಟ್ಟರು ಕೈಯಲ್ಲಿದ್ದ ಹೊಸ ಮುಂಡನ್ನು ಬಿಡಿಸಿ ಅದರ ಮೋರೆಯ ಕೆಸರು, ನೊರೆ ಒರೆಸಿದರು. ಮತ್ತೆ ಕಾಟಿಯದ್ದು. ನೋಣಯ್ಯ ಅವರಿಗೆ ಹಗ್ಗ ಕೊಟ್ಟು ನಡೆದುಬಿಟ್ಟ.

ಆ ರಾತ್ರಿ ಗಂಜಿ ಬಡಿಸುತ್ತ ಪೂವಮ್ಮ ಕೇಳಿದಳು: "ಗೆದ್ದಿದ್ದರೆ ಒಂದು ಮಾತು. ಈಗ ನಮ್ಮ ಕೈಯಲ್ಲಿ ಎಂತ ಉಂಟು ಮಗಾ?"

"ಎಂತದೂ ಇಲ್ಲ ಅಮ್ಮ. ಊಟ ಮಾಡು."

ಬೆಳಿಗ್ಗೆ ಪೂವಮ್ಮ ಅಂಗಳ ಗುಡಿಸುತ್ತಿದ್ದಾಗ ಹುಣಿಯ ಮೇಲೆ ಇಬ್ಬರು ಬರುವುದು ಕಂಡಿತು. ಮುಂದೆ ಪದ್ಮಾಕ್ಷಿ, ಕೈಯಲ್ಲಿ ಹರಿವಾಣ. ಹಿಂದೆ ಧಣಿಗಳು. ಈ ಅಂಗಳಕ್ಕೆ ಅವರು ಕಾಲಿಟ್ಟದ್ದನ್ನು ಪೂವಮ್ಮ ಕಂಡದ್ದಿಲ್ಲ.

ಅವಳು ಹಿಡಿಸೂಡಿ ಬಿಟ್ಟು ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು.

"ನಾನು ಹಿಡಿಯುವುದಿಲ್ಲ ಅಕ್ಕ. ಈ ಸಲ ಇಲ್ಲ. ಅವನು ಬರಲಿ."

ಪದ್ಮಾಕ್ಷಿ ನಗು ತಡೆದುಕೊಂಡು ಗಂಡನ ಕಡೆ ನೋಡಿದಳು. ನೋಣಯ್ಯ ಹಿತ್ತಿಲಿನಿಂದ ಬಂದ, ಕೈ ತುಂಬ ಗೊಬ್ಬರ. ಶೆಟ್ಟರು ಅವನನ್ನು ನೋಡದೆ ಗದ್ದೆಯತ್ತ ನೋಡುತ್ತ ಮಾತಾಡಿದರು.

"ಕೆಳಗಿನ ಬೈಲು ಗದ್ದೆ ಕೊಡುವುದಿಲ್ಲ. ಅದು ನಮ್ಮ ಮನೆಯ ಅನ್ನದ ಗದ್ದೆ. ಮೇಲಿನ ಮಜಲು ಗದ್ದೆ, ಈ ಮನೆ, ಹಿತ್ತಿಲು, ಇಷ್ಟು ಮೂಲಗೇಣಿ. ಸೋಮವಾರ ಬೆಳ್ತಂಗಡಿಗೆ ಹೋಗುವ, ರಿಜಿಸ್ಟ್ರಿ ಮಾಡಿಸುವ. ಗೆದ್ದಿದ್ದರೆ ಬೈಲಿನ ಮಾತೂ ಬರ್ತಿತ್ತೋ ಏನೋ. ನೀನೇ ಕೋಣಗಳನ್ನು ಹಾಳು ಮಾಡಿದ್ದು."

"ನಾವಿಬ್ಬರೂ," ಎಂದ ನೋಣಯ್ಯ.

ಅವನು ಮಜಲಿನ ಕಡೆ ನೋಡಿದ. ಒಂದೂವರೆ ಬೆಳೆಯ ಗದ್ದೆ. ಮಳೆ ಕೈಕೊಟ್ಟರೆ ಒಂದೇ. ಅದರ ಆಚೆಗೆ ಚನಿಯಪ್ಪನ ಮನೆಯ ಮಾಡಿಲ್ಲದ ಗೋಡೆಗಳು ಕಾಣುತ್ತಿದ್ದವು.

"ನಿಲ್ಲಿ ಧಣಿಗಳೇ. ಕೈ ತೊಳೆದು ಬರ್ತೇನೆ," ಎಂದ.

ಬಾವಿಕಟ್ಟೆಯಲ್ಲಿ ಅವನು ನೀರೆಳೆದು, ಉಗುರಿನ ಸಂದಿಯ ಗೊಬ್ಬರವನ್ನೂ ಬಿಡದೆ, ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ಕೈ ತೊಳೆದ. ಅಷ್ಟು ಹೊತ್ತೂ ಕುಶಾಲಪ್ಪ ಶೆಟ್ಟರು ಅಂಗಳದಲ್ಲಿ ನಿಂತೇ ಇದ್ದರು. ಒದ್ದೆ ಕೈಯನ್ನು ಒರೆಸಿಕೊಳ್ಳುತ್ತ ಬಂದು, ಎರಡೂ ಅಂಗೈಗಳನ್ನು ಜೋಡಿಸಿ ಅವನು ಮುಂದಕ್ಕೆ ಚಾಚಿದ.