ಬೋರಲಣ್ಣನ ಮುಖ

"ಸ್ವಲ್ಪ ಎಡಕ್ಕೆ," ಎನ್ನುತ್ತ ಬಣ್ಣದ ಮೇಷ್ಟ್ರು ಎರಡು ಬೆರಳಲ್ಲಿ ಗದ್ದ ಹಿಡಿದು ತಿರುಗಿಸಲು ನೋಡಿದರು. ಕುತ್ತಿಗೆ ತಿರುಗಲಿಲ್ಲ. ಮೂವತ್ತು ವರ್ಷ ಈ ಮುಖ ಅವರು ಹೇಳಿದ ಕಡೆಗೆ ತಿರುಗಿತ್ತು. ಕೊನೆಗೆ ಅವರೇ ಮಂಚವನ್ನು ಸುತ್ತಿಕೊಂಡು ಆಚೆ ಬದಿಗೆ ಹೋಗಿ ಮಂಡಿಯೂರಿದರು.

ಬಲಗೆನ್ನೆಯ ಮೇಲೆ ಚಾಪೆಯ ಹೆಣಿಗೆ ಹಾಗೇ ಅಚ್ಚೊತ್ತಿತ್ತು. ಸುತ್ತ ನೇರಳೆ ಬಣ್ಣ, ನಡುವೆ ಬಿಳಿಯ ಗೆರೆಗಳು.

"ಹೋಗುತ್ತಾ ಅದು?" ಎಂದು ಬೋರಲಣ್ಣನ ಹೆಂಡತಿ ಬಾಗಿಲ ಬಳಿಯಿಂದಲೇ ಕೇಳಿದಳು.

"ಹೋಗಲ್ಲಮ್ಮ. ಮುಚ್ಚಬಹುದು." ಮೇಷ್ಟ್ರು ಸ್ಪಂಜನ್ನು ಒದ್ದೆ ಮಾಡಿಕೊಂಡರು. "ಎಷ್ಟೊತ್ತು ಹೀಗೆ ಬಿದ್ದಿದ್ದ?"

"ಹತ್ತು ನಿಮಿಷ."

ಸಿನಿಮಾದ ಯುದ್ಧಭೂಮಿಯಲ್ಲಿ ಸಾವಿರಾರು ಜನರಿಗೆ ಸಾವಿನ ಬಣ್ಣ ಬಳಿದವರು ಮೇಷ್ಟ್ರು. ಈಗಷ್ಟೇ ಸತ್ತವನಿಗೆ ಯಾವ ಬಣ್ಣ, ಬೆಳಗಿನಿಂದ ಬಿದ್ದವನಿಗೆ ಯಾವ ಬಣ್ಣ ಎಂದು ಶವಾಗಾರಕ್ಕೆ ಹೋಗಿ ನೋಡಿ ಕಲಿತಿದ್ದರು. ಕೊಳವೆಯಿಂದ ಇನ್ನಷ್ಟು ಬಣ್ಣ ಹಿಂಡಿಕೊಂಡು, "ಹತ್ತು ನಿಮಿಷ. ಸರಿ," ಎಂದರು.

"ಅವರಕ್ಕ ಒಂಬತ್ತೂವರೆ ಬಸ್ಸಿಗೆ ಬರ್ತಾರೆ. ಅಷ್ಟರೊಳಗೆ ಮುಗಿಸ್ಕೊಡಿ."

ಅಕ್ಕ ಎಂದರೆ ಅವನನ್ನು ಎತ್ತಿ ಆಡಿಸಿ ಸಾಕಿದವಳು. ಅವಳಿಗೆ ನಿನ್ನೆ ಫೋನಿನಲ್ಲಿ ಹೇಳಿದ್ದು ಇಷ್ಟು: ಬೋರಲು ಮಲಗಿದ್ದರು, ಸಾಯುವ ಅಭ್ಯಾಸ ಮಾಡುತ್ತಿದ್ದಾರೆ ಅಂದುಕೊಂಡೆ, ಹತ್ತು ನಿಮಿಷಕ್ಕೆ ಹೋಗಿ ನೋಡಿದರೆ ಆಗಿಹೋಗಿತ್ತು. ಅಕ್ಕ ಅದನ್ನು ನಂಬಿದ್ದಳು. ಆ ಮಾತು ಸಂಜೆ ಅವನು ಬೂದಿಯಾಗುವವರೆಗೆ ನಿಂತರೆ ಸಾಕಿತ್ತು.

ಮಗಳು ಗೋಡೆಗೆ ಒರಗಿ ಕೂತಿದ್ದಳು. ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದು ಅಪ್ಪನನ್ನು ಮಗುಚಿದವಳು ಅವಳೇ. ಅಮ್ಮನ ಲೆಕ್ಕವನ್ನು ಅವಳು ಒಪ್ಪಿಯೂ ಇರಲಿಲ್ಲ, ಅಲ್ಲಗಳೆದೂ ಇರಲಿಲ್ಲ.

ಹೊರಗೆ ಜಗಲಿಯಲ್ಲಿ ಸಂಗಡಿಗರು ಸೇರಿದ್ದರು. ಎಲ್ಲರೂ ಸಿನಿಮಾದಲ್ಲಿ ಸಾಯುವುದನ್ನೇ ಕಸುಬು ಮಾಡಿಕೊಂಡವರು. ಎದೆಗೆ ಬಾಣ ನೆಟ್ಟುಕೊಂಡು ಸಾಯುವುದರಲ್ಲಿ ಹೆಸರು ಮಾಡಿದ್ದ ಮುದುಕನನ್ನು ಎಲ್ಲರೂ ಬಾಣ ಎಂದೇ ಕರೆಯುತ್ತಿದ್ದರು. ಅವನೇ ಮಾತು ತೆಗೆದಿದ್ದ.

"ನಾವೆಲ್ಲ ಬೀಳೋವಾಗ ಕೈ ಊರ್ತೀವಿ. ಬೋರಲಣ್ಣ ಊರ್ತಾನೇ ಇರಲಿಲ್ಲ. ಮೂಟೆ ಇಳಿಸಿದ ಹಾಗೆ, ದೊಪ್ ಅಂತ."

"ಆ ಇಬ್ಬರು ರಾಜರ ಚಿತ್ರದಲ್ಲಿ ಎಷ್ಟು ಸಲ ಸತ್ತಿದ್ದ?"

"ಹದಿನೇಳು. ಒಂಬತ್ತು ಸಲ ಅಣ್ಣನ ಸೈನ್ಯದಲ್ಲಿ, ಎಂಟು ಸಲ ತಮ್ಮನ ಸೈನ್ಯದಲ್ಲಿ. ಒಂದು ಕಡೆ ತನ್ನನ್ನ ತಾನೇ ಇರಿದಿದ್ದಾನೆ ಕಣಯ್ಯ. ಬೆಳಿಗ್ಗೆ ಕೆಂಪು ಬಟ್ಟೆ ಹಾಕ್ಕೊಂಡು ಇರಿದ, ಮಧ್ಯಾಹ್ನ ಕಪ್ಪು ಬಟ್ಟೆ ಹಾಕ್ಕೊಂಡು ಬಿದ್ದ."

"ಹಂಗಾದ್ರೆ ಗೆದ್ದಿದ್ದು ಯಾರು?"

"ಏಜೆಂಟು."

ಜನ ಒದಗಿಸುವ ಏಜೆಂಟ್ ಕೂಡ ನಕ್ಕ. ಕಿಟಕಿಯಲ್ಲಿ ಹೆಂಡತಿಯ ಮುಖ ಕಂಡದ್ದೇ ಎಲ್ಲರೂ ಒಟ್ಟಿಗೆ ಕೆಮ್ಮಿದರು.

*

ಇಬ್ಬರು ರಾಜರ ಚಿತ್ರ ತೆಗೆಯುವಾಗ ಬೋರಲಣ್ಣನಿಗೆ ಇಪ್ಪತ್ತೊಂಬತ್ತು ವರ್ಷ. ಒಂದೇ ಸಿಂಹಾಸನಕ್ಕೆ ಇಬ್ಬರು ಮಲಸೋದರರು, ನಡುವೆ ಒಂದು ಬೋಳು ಬಯಲು, ಬಯಲಿನ ತುಂಬ ರಬ್ಬರಿನ ಕತ್ತಿ ಹಿಡಿದ ಎಂಟುನೂರು ಜನ. ಪರದೆಯ ಮೇಲೆ ಅವರೇ ಎಂಟು ಸಾವಿರವಾಗಬೇಕಿತ್ತು. ಅದಕ್ಕಾಗಿ ಸತ್ತವರು ಎದ್ದು, ಧೂಳು ಕೊಡವಿ, ಬಟ್ಟೆ ಬದಲಿಸಿ ಮತ್ತೆ ಸಾಯುತ್ತಿದ್ದರು.

ಅವರಿಗೆ ಇದ್ದದ್ದು ಒಂದೇ ಕಟ್ಟಳೆ. ಕ್ಯಾಮೆರಾಕ್ಕೆ ಹೆಣದ ಮುಖ ಕಾಣಬಾರದು. ಕಂಡರೆ ಜನ ಗುರುತು ಹಿಡಿಯುತ್ತಾರೆ, ಆ ಮನುಷ್ಯನನ್ನು ಇನ್ನೊಮ್ಮೆ ಸಾಯಿಸುವ ಹಾಗಿಲ್ಲ. ಮುಖ ಖರ್ಚಾಯ್ತು ಎನ್ನುತ್ತಿದ್ದರು ಅದಕ್ಕೆ. ಖರ್ಚಾದವರು ಮನೆಗೆ.

ಮೂರನೆಯ ದಿನ ಒಂದು ಕುದುರೆ ಬೆದರಿತು. ಅವನು ಹೌಹಾರಿ ಹಿಂದಕ್ಕೆ ಬಿದ್ದ, ಅಂಗಾತ. ಆ ಸಂಜೆಯೇ ಏಜೆಂಟ್ ಅವನನ್ನು ಲಾರಿ ಹತ್ತಿಸಿದ. ಕೈಗೂಸಿದ್ದ ಮನೆಯಲ್ಲಿ ಹದಿನೆಂಟು ದಿನ ಅವನು ಕೆಲಸವಿಲ್ಲದೆ ಕೂತ. ಕೊನೆಗೆ ಆ ಭಾಗವನ್ನೇ ಕತ್ತರಿಸಿದ್ದಾರೆಂದು ತಿಳಿದು ಅವನನ್ನು ವಾಪಸು ಕರೆಸಿಕೊಂಡರು. ಅಂದಿನಿಂದ ಅವನು ಮುಖ ಕೆಳಗೆ ಮಾಡದೆ ಬಿದ್ದದ್ದಿಲ್ಲ. ಬೋರಲಣ್ಣ ಎಂಬ ಹೆಸರು ಅಂಟಿದ್ದು ಆಗಲೇ.

ಚಿತ್ರ ಬಂದಾಗ ಅಕ್ಕ ಮೂರು ಸಲ ನೋಡಿದಳು. "ನನ್ನ ತಮ್ಮ ಎಲ್ಲಿ?" ಎಂದು ಮೂರು ಸಲವೂ ಕೇಳಿದಳು. ಹೆಂಡತಿ ಮಾತ್ರ ಬೆರಳು ತೋರಿಸಿ ಹೇಳುತ್ತಿದ್ದಳು: ಅದೋ, ಆ ರಥದ ಗಾಲಿ ಪಕ್ಕ. ಅದೋ, ಆ ಆನೆ ದಾಟ್ತಲ್ಲ, ಅದರ ಹಿಂದೆ. ಗಂಡನ ಬೆನ್ನು ಅವಳಿಗೆ ಮುಖಕ್ಕಿಂತ ಚೆನ್ನಾಗಿ ಗೊತ್ತಿತ್ತು.

*

ಅಕ್ಕ ಬಂದವಳು ಅಳಲಿಲ್ಲ. ಚೀಲ ಕೆಳಗಿಟ್ಟು ಮಂಚದ ಅಂಚಿಗೆ ಕೂತು ತಮ್ಮನ ಮುಖವನ್ನು ಬಹಳ ಹೊತ್ತು ನೋಡಿದಳು. ನಲವತ್ತು ವರ್ಷ ಶಾಲೆಯೊಂದರ ಕೋಣೆಗಳನ್ನು ಗುಡಿಸಿ ಅವಳ ಬೆನ್ನು ಬಾಗಿತ್ತು. ಹಾಗಾಗಿ ನೋಡಲು ಬಗ್ಗಬೇಕಾಗಲಿಲ್ಲ.

"ಎಷ್ಟು ಲಕ್ಷಣವಾಗಿ ಮಾಡಿದ್ದೀರಪ್ಪ. ಮದುವೆ ಗಂಡಿನ ಹಾಗಿದ್ದಾನೆ."

ಮೇಷ್ಟ್ರು ಬಣ್ಣದ ಪೆಟ್ಟಿಗೆ ಮುಚ್ಚಿದರು. ಹೆಂಡತಿ ಉಸಿರು ಬಿಟ್ಟಳು.

"ಇನ್ನೊಂದು ತಿಂಗಳು ಇದ್ದಿದ್ರೆ ಊರೆಲ್ಲ ನೋಡ್ತಿತ್ತು ಈ ಮುಖಾನ," ಎಂದ ಏಜೆಂಟ್. ಬಂದವರಿಗೆ ಏನಾದರೂ ಒಳ್ಳೆಯ ಮಾತು ಹೇಳಬೇಕೆಂದೇ ಹೇಳಿದ್ದ. "ಅದೇ ಚಿತ್ರದ ಎರಡನೇ ಭಾಗ ತೆಗೀತಿದ್ದಾರಲ್ಲಮ್ಮ. ಹೆಣಗಳನ್ನೆಲ್ಲ ಈಗ ಕಂಪ್ಯೂಟರ್‌ನಲ್ಲೇ ಮಾಡ್ಕೋತಾರೆ. ಆದರೆ ಮುದಿ ಮಂತ್ರಿ ಒಬ್ಬ ಇದ್ದಾನೆ, ಸಿಂಹಾಸನದ ಮೆಟ್ಟಿಲ ಮೇಲೆ ಸಾಯೋನು. ಅಂಗಾತ, ಕಣ್ಣು ಬಿಟ್ಕೊಂಡು, ಮುಖ ಇಷ್ಟು ಹತ್ತಿರ. ಅದನ್ನ ಇವನಿಗೇ ಕೊಡಿಸಿದ್ದೆ."

"ಮುಖ ಕಾಣೋ ಪಾತ್ರಾನಾ?"

"ಹೂಂ. ನಲವತ್ತು ಸೆಕೆಂಡು ರೆಪ್ಪೆ ಬಡಿಯಬಾರದು. ಫೋನ್ ಮಾಡಿದಾಗೆಲ್ಲ ಅದೇ ಮಾತು. ದಿನಾ ಅಂಗಾತ ಮಲಗ್ತೀನಿ, ನಮ್ಮವಳು ಗಡಿಯಾರ ಹಿಡ್ಕೊಂಡು ಎಣಿಸ್ತಾಳೆ, ನಿನ್ನೆ ಮೂವತ್ತಾರಕ್ಕೆ ಬಂದೆ, ಅಂತ. ನಿಮಗೆ ಹೇಳಿರಲಿಲ್ವಾ?"

ಅಕ್ಕ ತಲೆ ಎತ್ತದೆ ಕೇಳಿದಳು. "ನನಗೆ ಇವಳು ಫೋನಲ್ಲಿ ಬೋರಲು ಅಂದಳು."

ಬಾಣ ಬಾಗಿಲಾಚೆಗೆ ನೋಡಿದ.

"ಬೋರಲೇ ಮಲಗಿದ್ರು ಅತ್ತಿಗೆ," ಎಂದಳು ಹೆಂಡತಿ. "ಹಳೇ ಅಭ್ಯಾಸ."

"ದಿನಾ ಅಂಗಾತ ಮಲಗೋನು, ನಿನ್ನೆ ಬೋರಲು ಮಲಗಿದ. ನಿನಗೆ ಏನೂ ಅನ್ನಿಸಲಿಲ್ಲ."

ಹೆಂಡತಿಗೆ ಅನ್ನಿಸಿತ್ತು.

*

ಹಿಂದಿನ ದಿನ ಬೆಳಿಗ್ಗೆ ಅವಳು ಹೊಲಿಗೆ ಯಂತ್ರದ ಮುಂದೆ ಇದ್ದಳು. ಎರಡನೇ ಭಾಗದ ಸೈನಿಕರ ಅಂಗಿಗಳು ದುರಸ್ತಿಗೆ ಬಂದಿದ್ದವು. ಒಂದು ಕಡೆ ಕೆಂಪು ರಾಶಿ, ಇನ್ನೊಂದು ಕಡೆ ಕಪ್ಪು. ಅವನು ನೆಲದ ಮೇಲೆ ಅಂಗಾತನಾಗಿ ಕಣ್ಣರಳಿಸಿಕೊಂಡು, "ಎಣಿಸೇ," ಎಂದ.

"ಕೈ ತುಂಬ ಕೆಲಸ ಇದೆ."

"ಇವತ್ತು ನಲವತ್ತು ಮುಟ್ಟೇ ಮುಟ್ತೀನಿ. ಎಣಿಸು."

ಎಂಟು ದಿನದಿಂದ ಇದೇ ಆಗಿತ್ತು. ಕನ್ನಡಿ, ಗಡಿಯಾರ, ಮುಖ. ಊಟಕ್ಕೆ ಕೂತರೆ ಮುಖ. ಬೆನ್ನು ತೋರಿಸಿಕೊಂಡು ಮೂವತ್ತು ವರ್ಷ ಸುಮ್ಮನಿದ್ದವನಿಗೆ ಈಗ ಎಲ್ಲಿಂದ ಬಂತು ಈ ಮುಖ ಎಂದು ಅವಳಿಗೆ ರೇಗಿತ್ತು. ಯಂತ್ರ ನಿಲ್ಲಿಸದೆ ಹೇಳಿದಳು:

"ಬೋರಲು ಮಲಗಿದ್ದಾಗಲೇ ಚೆನ್ನಾಗಿದ್ರಿ. ಈ ಮುಖಾನ ಯಾರು ದುಡ್ಡು ಕೊಟ್ಟು ನೋಡ್ತಾರೆ?"

ಅವನು ನೆಲದಿಂದ ಎದ್ದು ನಿಂತ. ಅವಳು ಒಲೆ ನೋಡಲು ಹೋದಳು. ಒಳಗಿರುವಾಗಲೇ ದೊಪ್ ಎಂದು ಸದ್ದಾಯಿತು. ಬಂದು ನೋಡಿದರೆ ಅವನು ಬೋರಲು ಬಿದ್ದಿದ್ದ, ಮುಖ ಚಾಪೆಯ ಮೇಲೆ, ಎಡಮೈ ಬರಿ ನೆಲದ ಮೇಲೆ. ಕೈ ಊರಿರಲಿಲ್ಲ.

ಸೋತ, ಎಂದುಕೊಂಡಳು. ನನ್ನ ಮಾತಿಗೆ ಸೋತು ಹಳೇ ದಾರಿಗೆ ಬಂದ. ಗಂಟೆ ಆಗ ಹತ್ತೂವರೆ.

ಗೆದ್ದವರು ಮೊದಲು ಮಾತಾಡಿಸುವುದಿಲ್ಲ. ಅವಳು ಹನ್ನೆರಡು ಅಂಗಿ ಹೊಲಿದಳು. ಪೊರಕೆ ತಂದಳು. "ಕಾಲು ತೆಗೀರಿ," ಎಂದಳು. ತೆಗೆಯಲಿಲ್ಲ. "ಬಿಗುಮಾನಕ್ಕೇನೂ ಕಮ್ಮಿ ಇಲ್ಲ," ಎನ್ನುತ್ತ ಅವನ ಸುತ್ತ ಗುಡಿಸಿದಳು. ಅಡುಗೆ ಮುಗಿಸಿ ಬಂದು, ನಿರ್ದೇಶಕರ ಧಾಟಿಯಲ್ಲಿ, "ಕಟ್," ಎಂದಳು. ಎಷ್ಟೇ ಕೋಪವಿದ್ದರೂ ಅವನು ಆ ಮಾತಿಗೆ ಏಳುತ್ತಿದ್ದ. ಏಳಲಿಲ್ಲ. ಆಗ ಅವಳಿಗೆ ಮೊದಲ ಸಲ ಭಯವಾಯಿತು. ಭಯವಾದ ಮೇಲೂ ಅವಳು ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು, ಅಲ್ಲೇ ನಿಂತುಕೊಂಡಳು. ಒಂದೂವರೆಗೆ ಮಗಳು ಬಂದಳು.

ಡಾಕ್ಟರು ಕೇಳಿದ್ದು ಒಂದೇ ಮಾತು. ಬಿದ್ದ ತಕ್ಷಣ ಯಾಕೆ ಕರೆತರಲಿಲ್ಲ?

*

ಹೆಣ ಒಯ್ಯುವ ವ್ಯಾನು ಬಂತು. ಸಂಗಡಿಗರು ಒಳಗೆ ಬಂದು ಮಂಚದ ಸುತ್ತ ನಿಂತರು.

"ಒಂದು ನಿಮಿಷ," ಎಂದಳು ಅಕ್ಕ. ಅವಳ ಕೈ ತಮ್ಮನ ಸ್ವೆಟರಿನ ಮೇಲಿತ್ತು. ಅವಳೇ ಹೆಣೆದು ಕಳಿಸಿದ್ದು. ತೋಳು ಬಿಗಿದುಕೊಂಡಿದ್ದರಿಂದ ನಿನ್ನೆ ಅದನ್ನು ಬಿಚ್ಚಲಾಗಿರಲಿಲ್ಲ. ಎಡ ಕಂಕುಳಿನಿಂದ ಸೊಂಟದವರೆಗೆ ಅವಳ ಬೆರಳು ಮೆಲ್ಲನೆ ಇಳಿಯಿತು. ಉಣ್ಣೆಗೆ ದಾರದ ಚೂರುಗಳು ಕಚ್ಚಿಕೊಂಡಿದ್ದವು. ಕೆಂಪು, ಕಪ್ಪು, ಕೆಂಪು, ಒಂದೇ ನೇರ ಗೆರೆಯಲ್ಲಿ.

"ಇದೇನೇ?"

"ದಾರ ಅತ್ತಿಗೆ. ಹೊಲಿಯೋ ಮನೆ, ಎಲ್ಲದಕ್ಕೂ ಅಂಟಿರುತ್ತೆ."

"ಬೆನ್ನಿಗೆ ಅಂಟಿಲ್ಲ. ಆ ಬದಿಗೆ ಅಂಟಿಲ್ಲ." ಅಕ್ಕ ಒಂದು ಚೂರು ಕಿತ್ತು ಬೆಳಕಿಗೆ ಹಿಡಿದಳು. "ಶಾಲೇಲಿ ಬೆಂಚಿನ ಕಾಲಿಗೆ ಕಸ ಹೀಗೆ ಕೂರುತ್ತೆ. ಪೊರಕೆ ತಂದು ನಿಲ್ಲಿಸೋ ಕಡೆ."

ಮೇಷ್ಟ್ರು ಪೆಟ್ಟಿಗೆಯ ಹಿಡಿಯನ್ನೇ ನೋಡುತ್ತಿದ್ದರು.

"ಎತ್ತಿ," ಎಂದಳು ಅಕ್ಕ. ನಾಲ್ವರು ಬೋರಲಣ್ಣನನ್ನು ಎತ್ತಿದರು. ಹೊಸಿಲು ದಾಟುವಾಗ ಬಾಣ ರೂಢಿಯ ಮೇಲೆ, "ಮುಖ ಜೋಪಾನ," ಎಂದ. ಇನ್ನಿಬ್ಬರು ಬರಿದಾದ ಮಂಚವನ್ನು ಎತ್ತಿ ಹೊರಗಿಟ್ಟರು. ಕೋಣೆಯ ನಡುವೆ ಏನೂ ಉಳಿಯಲಿಲ್ಲ. ಚೆಲ್ಲಿದ ಹೂವಿನ ಎಸಳು, ಸ್ಪಂಜಿನ ತುಣುಕು, ಮಂಚದ ಕೆಳಗೆ ಸೇರಿದ್ದ ದಾರ.

ಅಕ್ಕ ಬಾಗಿಲ ಸಂದಿಯಿಂದ ಪೊರಕೆ ತೆಗೆದುಕೊಂಡು ಬಂದಳು.

"ಗುಡಿಸು."

"ಅತ್ತಿಗೆ, ವ್ಯಾನು ಕಾಯ್ತಿದೆ."

"ಕಾಯಲಿ. ನೀನು ಕಾಯಿಸಿದಷ್ಟೇನೂ ಆಗಲ್ಲ. ನಿನ್ನೆ ಹೇಗೆ ಗುಡಿಸಿದೆ, ತೋರಿಸು."

ಹೆಂಡತಿ ಮಗಳ ಕಡೆ ನೋಡಿದಳು. "ಗುಡಿಸಮ್ಮ," ಎಂದಳು ಮಗಳು.

ಅವಳು ಗೋಡೆಯ ಬದಿಯಿಂದ ಶುರು ಮಾಡಿದಳು. ಏನೂ ಆಗಿಲ್ಲವೆಂಬಂತೆ, ನೇರವಾಗಿ, ಕೋಣೆಯ ಉದ್ದಕ್ಕೂ ಎಳೆದುಬಿಡಬೇಕೆಂದು ಹಲ್ಲು ಕಚ್ಚಿಕೊಂಡೇ ಬಗ್ಗಿದ್ದಳು. ಹೊರಗೆ ವ್ಯಾನಿನವನು ಹಾರ್ನ್ ಮಾಡಿದ. ನಡುವಿಗೆ ಬಂದಾಗ ಪೊರಕೆ ತಾನಾಗಿ ಬಾಗಿತು. ತಲೆಯ ಕಡೆಯಿಂದ ಬಳಸಿ, ಹೆಗಲ ಬಳಿ ತುಸು ಅಗಲವಾಗಿ ಸರಿದು, ಕಾಲಿನ ಬಳಿ ಒಂದು ಗಳಿಗೆ ನಿಂತು, ಆಚೆಯಿಂದ ವಾಪಸು ಬಂತು. ಅವಳು ನೆಟ್ಟಗಾದಾಗ ಕೋಣೆಯೆಲ್ಲ ಚೊಕ್ಕಟವಾಗಿತ್ತು. ನಡುವೆ ಮಾತ್ರ ಒಬ್ಬ ಮನುಷ್ಯನಷ್ಟು ಉದ್ದದ ಜಾಗ ಗುಡಿಸದೆ ಉಳಿದಿತ್ತು. ಅದರ ಎಡಗಡೆಯ ಅಂಚಿಗೆ ದಾರದ ಚೂರುಗಳು ಸಾಲಾಗಿ ಬಂದು ನಿಂತಿದ್ದವು, ಕೆಂಪು, ಕಪ್ಪು, ಕೆಂಪು.