ಕಿತ್ತು ಅಂಟಿಸಿದ ಚೀಟಿ

ಹನಿ, ಎಸಿ ಪೈಪಿನ ತುದಿಯಿಂದ ಕಿಟಕಿಯ ಪಕ್ಕದ ಬಕೆಟ್ಟಿಗೆ, ಟಪ್ — ಸ್ಕ್ರೀನಿನ ಮೀಟಿಂಗಿನಲ್ಲಿ ಪೊರಕೆ ಮಾತಾಡುತ್ತಲೇ ಇದ್ದಾನೆ, ಪೊರಕೆ ಎಂದು ಹೆಸರಿಟ್ಟವಳು ನಾನೇ, ಊರೂರಿನವರೆಲ್ಲ ಸೇರಿ ಬಿಟ್ಟಿ ಬರೆದ ನಮ್ಮ ಕೋಡನ್ನು ಕಂಪನಿ ಸಾಕಲು ತೆಗೆದುಕೊಂಡಂದಿನಿಂದ ಅವನಿಗೆ ಗುಡಿಸುವುದೇ ಕಸುಬು, ನೋಡಿ ಮೇಡಂ, ನೂರ ನಲವತ್ಮೂರು ಹಳೇ ಟ್ಯಾಗು, ಯಾರಿಗ್ ಬೇಕು ಇವೆಲ್ಲ, ಮ್ಯೂಸಿಯಂ ಇಡ್ತೀರಾ — ಯಾರಿಗೆ ಬೇಕಂತೆ, ಅಯ್ಯಾ ಮಹಾನುಭಾವ, ಟ್ಯಾಗ್ ಎಂದರೆ ಕೋಡಿಗೆ ಅಂಟಿಸಿದ ಚೀಟಿ, ಇಂಥ ದಿನ ಜನರ ಕೈಗೆ ಕೊಟ್ಟದ್ದು ಇಂಥದ್ದು ಎಂದು ಎಲ್ಲರ ಕಣ್ಣೆದುರು ಆಡಿದ ಮಾತು, ಅದನ್ನು ಗುಡಿಸಿದರೆ ನಾಳೆ ತಪ್ಪಿಗೆ ಅಪ್ಪ ಯಾರು, ಯಂತ್ರ ಮಾಡಿದವನಲ್ಲ, ಮಾರಿದವನಲ್ಲ, ಕೊನೆಗೆ ಗುಂಡಿ ಒತ್ತಿದವಳ ಕೈ, ಯಾವಾಗಲೂ ಕೆಳಗಿನವರ ಕೈಯೇ — ಅತ್ತಿಗೆಯ ಕೈ, ಹದಿನೆಂಟು ವರ್ಷ ವಾರ್ಡಿನಲ್ಲಿ ಸೂಜಿ ಚುಚ್ಚಿದ ನರ್ಸಿನ ಕೈ, ಚುಚ್ಚಿದ್ದು ಮಕ್ಕಳಿಗೂ ತಿಳಿಯುತ್ತಿರಲಿಲ್ಲ, ಟಪ್, ಡ್ರಿಪ್ ಯಂತ್ರದೊಳಗೆ ಹನಿ ಎಣಿಸುವುದು ನಮ್ಮ ಕೋಡು, ಆವೃತ್ತಿ 2.4, ನಡುವೆ ಬಾಟಲಿ ಬದಲಿಸಿದರೆ ವೇಗ ಇಮ್ಮಡಿ, ಕಳೆದ ತಿಂಗಳು ಅವಳು ನಿಮಿಷಕ್ಕೆ ಇಪ್ಪತ್ತು ಹನಿಗಿಟ್ಟು ಬಾಟಲಿ ಬದಲಿಸಿದಳು, ಅದು ನಲವತ್ತು ಓಡಿತು, ಮುದುಕರೊಬ್ಬರು ಐಸಿಯುಗೆ, ಅವಳು ಅಮಾನತಿಗೆ, ತನಿಖೆಯವರು ನಮ್ಮಲ್ಲಿಂದ 2.4 ತೆಗೆದು ನೋಡಿ ಕೋಡಿನಲ್ಲಿ ತಪ್ಪೇ ಇಲ್ಲ ಎಂದರು, ನಿನ್ನೆ ಫೋನಿನಲ್ಲಿ ಅತ್ತಿಗೆ, ನೀನೇ ಬರ್ದಿದ್ದಲ್ವೇನೇ, ಒಂದ್ಸಲ ನೋಡ್ ಹೇಳು, ನನ್ ಕೈಯೇ ತಪ್ತಾ, ನಂಗೇ ಈಗ ಅನುಮಾನ ಬರ್ತಿದೆ ಕಣೇ.

ತಪ್ಪು ಹೇಗೆ ಸಿಕ್ಕೀತು — ಮೂರು ವರ್ಷದ ಹಿಂದೆ, 2.4 ಬಿಟ್ಟ ಎರಡನೇ ದಿನ, ಅದು ಮೊದಲು ಸಿಕ್ಕಿದ್ದು ನನಗೆ, ತಿದ್ದಿದೆ, 2.4.1 ಎಂದು ಹೊಸ ಚೀಟಿ ಹಚ್ಚಬೇಕಿತ್ತು, ಎರಡೇ ದಿನಕ್ಕೆ ತೇಪೆಯೇ ಎಂದು ನಗುತ್ತಾರಲ್ಲ, ನಾಚಿಕೆ, ಹಳೆಯ ಚೀಟಿಯನ್ನೇ ಕಿತ್ತು ತಿದ್ದಿದ ಕೋಡಿಗೆ ಅಂಟಿಸಿಬಿಟ್ಟೆ, ಹೆಸರು ಅದೇ, ಒಳಗಿನದು ಬೇರೆ, ಅಷ್ಟರಲ್ಲಿ ಇಳಿಸಿಕೊಂಡವರ ಯಂತ್ರಗಳಲ್ಲಿ ಹಳೆಯದೇ ಉಳಿಯಿತು, ಅತ್ತಿಗೆಯ ವಾರ್ಡಿನದರಲ್ಲೂ, ವೇದಿಕೆ ಹತ್ತಿ ಚರಿತ್ರೆ ಅಳಿಸುವವರ ಮೇಲೆ ಕೂಗಾಡಿದವಳು, ಮೊದಲ ಪೊರಕೆ ನಾನೇ, ಥೂ — ಬೀರುವಿನಲ್ಲಿ ಕೀಲು ಮುರಿದ ಲ್ಯಾಪ್‌ಟಾಪಿದೆ, ಅದರಲ್ಲಿ ಮೊದಲಿನ 2.4 ಇದ್ದ ಹಾಗೇ ಇದೆ, ತಪ್ಪಿನ ಸಮೇತ, ಅದನ್ನು ತೋರಿಸಬೇಕು, ಪಕ್ಕದಲ್ಲಿ ಈ ಕಳ್ಳ ಚೀಟಿಯನ್ನೂ, ಎರಡೂ ಇದ್ದರೇ ಸಾಕ್ಷಿ, ಪೊರಕೆ ಇದನ್ನು ಅಳಿಸಿದರೆ ನಾನು ಕಿತ್ತ ಗುರುತೇ ಇಲ್ಲ, ನಾನು ಬಚಾವು, ಎಂಥ ಬಚಾವು, ಟಪ್, ಏನ್ ಮೇಡಂ, ಯಾರ್ದೂ ತಕರಾರಿಲ್ವಲ್ಲ, ಅಳಿಸ್ಬಿಡ್ಲಾ — ತಡೀರಿ, ಆ 2.4 ಸುಳ್ಳು, ಕಿತ್ತು ಅಂಟಿಸಿದ್ದು ನಾನು — ಅಂದೆ, ಅಂದೇಬಿಟ್ಟೆ, ಯಾರ ಮುಖವೂ ಅಲುಗಲಿಲ್ಲ, ನನ್ನ ಮೈಕು ಮುಚ್ಚೇ ಇದೆ, ಅದರ ಮೇಲೆ ಕೆಂಪು ಗೆರೆ, ಯಾರಿಗೂ ಕೇಳಿಸಿಲ್ಲ, ಇನ್ನೊಮ್ಮೆ ಹೇಳಬೇಕು, ಬೆರಳು ಗುಂಡಿಯ ಮೇಲೆ, ಒಂದು ಗುಂಡಿ, ಅತ್ತಿಗೆ ಒತ್ತಿದಂಥದ್ದೇ ಒಂದು — ಪೈಪಿನ ತುದಿಯಲ್ಲಿ ಹನಿ, ತುಂಬಿಕೊಂಡು, ಜೋತು, ಇನ್ನೂ ಬೀಳದ ಹನಿ