ಥಾರ್ನ್‌ರಾಯ್ಡರ ಹೊಸ್ತಿಲು

ನನ್ನ ಗಂಡ ವಿಲ್ಫ್‌ನನ್ನು ಅವನದೇ ಮನೆಯ ಹೊಸ್ತಿಲಿನಿಂದ ಕೆಳಗಿಳಿಸಲು ಬಂದ ಮಹಾನುಭಾವನ ಹೆಸರು ಕ್ಲೈವ್ ಥಾರ್ನ್‌ರಾಯ್ಡ್. ಬರಿಗೈಯಲ್ಲಿ ಬರಲಿಲ್ಲ, ಎದೆಗೆ ಚುಚ್ಚಿಕೊಳ್ಳುವ ಒಂದು ಹಳದಿ ಬಿಲ್ಲೆ ತಂದಿದ್ದ. ಓಟ್ಸ್ ಹಿಟ್ಟು, ಕಾಕಂಬಿ, ಶುಂಠಿ ಹಾಕಿ ನಾನು ಮಾಡಿದ ಪಾರ್ಕಿನ್ ಕೇಕನ್ನು ಎರಡು ತುಂಡು ಮುಗಿಸಿ, ಮೂರನೆಯದಕ್ಕೆ ಕೈ ಚಾಚುತ್ತ ಆ ಬಿಲ್ಲೆಯನ್ನು ಮೇಜಿನ ಮೇಲಿಟ್ಟ.

"ವಿಲ್ಫ್ರೆಡ್ ಅವರೇ, ತಪ್ಪು ತಿಳ್ಕೋಬೇಡಿ. ಇದು ವಿಜ್ಞಾನದ ಮಾತು. ನಿಮ್ಮ ರಕ್ತ ನಮ್ಮ ರಕ್ತಕ್ಕೆ ಹೊಂದ್ತಿಲ್ಲ."

ವಿಲ್ಫ್ ಬಿಲ್ಲೆಯನ್ನೇ ನೋಡುತ್ತ ಕುಳಿತ. ಅದರ ಮೇಲೊಂದು ಸಿಂಹ, ಸಿಂಹದ ಕಾಲಡಿ ಮುಳ್ಳಿನ ಕೊಂಬೆ, ಕೆಳಗೆ 'ಹೆಸರಿನ ಸ್ನೇಹಿತರು' ಎಂಬ ಬರಹ. ರಕ್ತ ಹೊಂದಿದವರಿಗೆ ನೀಲಿ ಬಿಲ್ಲೆಯಂತೆ. ಅದರಲ್ಲಿ 'ವಂಶಸ್ಥರು' ಎಂದಿರುತ್ತದಂತೆ.

"ಹಾಗಾದ್ರೆ ಈ ಸಲ ಜುಲೈ ಕೂಟಕ್ಕೆ ಬಾಗಿಲಲ್ಲಿ ನಿಲ್ಲೋದು..." ಎಂದ ವಿಲ್ಫ್.

"ನಾನೇ ನಿಂತ್ಕೋತೀನಿ ಬಿಡಿ. ನೀವು ಆರಾಮಾಗಿ ಒಳಗೆ ಕೂತು ಟೀ ಕುಡೀರಿ. ಹೇಗಿದ್ರೂ ನಿಮ್ಮ ಮನೆ ಅಲ್ವಾ."

"ಮನೆ ನಮ್ದು ಅನ್ನೋದಾದ್ರೂ ನೆನಪಿದೆಯಲ್ಲ, ದೊಡ್ಡ ಉಪಕಾರ," ಎಂದೆ ನಾನು. ಕ್ಲೈವ್ ನಕ್ಕ. ಇಂಗ್ಲೆಂಡಿನ ದಕ್ಷಿಣದ ಕಡೆಯವರಿಗೆ ಉತ್ತರದ ನಮ್ಮ ಯಾರ್ಕ್‌ಷೈರ್ ಬೈಗುಳ ತಮಾಷೆಯಂತೆ ಕೇಳಿಸುತ್ತದೆ.

ಈ ಕ್ಲೈವ್ ಲಂಡನ್ನಿನ ಆಚೆಗೆಲ್ಲೋ ವಿಮಾ ಕಂಪನಿಯಲ್ಲಿ ಮ್ಯಾನೇಜರಾಗಿ ನಿವೃತ್ತನಾದವನು. ಗಾಲ್ಫ್ ಬೇಸರವಾಯಿತು, ಗುಲಾಬಿಗೆ ಹುಳು ಬಿತ್ತು, ಆಮೇಲೆ ಪೂರ್ವಜರ ಮೇಲೆ ಬಿದ್ದ. ಸಮುದ್ರತೀರದ ಊರುಗಳಲ್ಲಿ ಐಸ್‌ಕ್ರೀಮ್ ಅಂಗಡಿಯ ಪಕ್ಕದಲ್ಲೇ, ನಿಮ್ಮ ಮನೆತನದ ಹೆಸರು ಹೇಳಿದರೆ ನಿಂತ ನಿಲುವಿನಲ್ಲಿ ವಂಶಲಾಂಛನ ಅಚ್ಚು ಹಾಕಿಕೊಡುವವರು ಇರುತ್ತಾರೆ. ನಮ್ಮ ಸಿಂಹ ಹುಟ್ಟಿದ್ದು ಅಲ್ಲೇ. ಈಗ ಅದು ಕ್ಲೈವ್‌ನ ಕೋಟಿನ ಜೇಬಿನ ಮೇಲೆ, ಟೀ ಕಪ್ಪಿನ ಮೇಲೆ, ಬಹುಶಃ ಚಡ್ಡಿಯ ಮೇಲೂ ಇದೆ. ಈ ಬೆಟ್ಟದಲ್ಲಿ ಕುರಿ ಬಿಟ್ಟರೆ ಬೇರೆ ಪ್ರಾಣಿ ಕಂಡವರಿಲ್ಲ.

ಸಿಂಹದ ಹಿಂದೆ ಒಬ್ಬ ವೀರನೂ ಬಂದ. ಸರ್ ಗಿಲ್ಬರ್ಟ್ ಅಂತೆ. ಸಾವಿರ ವರ್ಷದ ಹಿಂದೆ ರಾಜನ ಜೊತೆ ಫ್ರಾನ್ಸಿನಿಂದ ಹಡಗು ಹತ್ತಿ ಬಂದು ಈ ಕಣಿವೆಯನ್ನು ಬಹುಮಾನ ಪಡೆದನಂತೆ. ಇದೇ ಕ್ಲೈವ್ ಕಳೆದ ಸಲ ಬಂದಾಗ, ಈಗ ಫ್ರಾನ್ಸಿನಿಂದ ಅದೇ ಕಡಲ್ಗಾಲುವೆ ದಾಟಿ ದೋಣಿಯಲ್ಲಿ ವಲಸೆ ಬರುವ ಬಡಪಾಯಿಗಳನ್ನು ಒಂದು ಗಂಟೆ ಬೈದಿದ್ದ. "ನಿಮ್ಮ ಗಿಲ್ಬರ್ಟು ಈಜಿಕೊಂಡು ಬಂದ್ನೇ?" ಎಂದು ಕೇಳಿದ್ದೆ. ಅದಕ್ಕೂ ನಕ್ಕಿದ್ದ.

ನದಿಮೂಲ, ಋಷಿಮೂಲ ಕೆದಕಬಾರದು ಎನ್ನುತ್ತಾರೆ. ಆ ಪಟ್ಟಿಗೆ ಹೆಸರಿನ ಮೂಲವನ್ನೂ ಸೇರಿಸಬೇಕಿತ್ತು. ನಮ್ಮ ಹೆಸರಿನ ಕಥೆ ಇಷ್ಟೇ: ಯಾರೋ ಒಬ್ಬ ಬಡವ ಈ ಇಳಿಜಾರಿನಲ್ಲಿ ಮುಳ್ಳುಕಂಟಿ ಕಡಿದು ಒಂದು ಹೊಲ ಮಾಡಿದ. ಹಾಗೆ ಕಡಿದ ಜಾಗಕ್ಕೆ ಇಲ್ಲಿನ ಹಳೇ ಮಾತಿನಲ್ಲಿ ಥಾರ್ನ್‌ರಾಯ್ಡ್ ಎನ್ನುತ್ತಿದ್ದರು. ಅದು ಜಾಗದ ಹೆಸರು, ಜನರದ್ದಲ್ಲ. ಇಲ್ಲೇ ಇದ್ದವನಿಗೆ ಅದರ ಅಗತ್ಯವೂ ಇರಲಿಲ್ಲ. ಬಿಟ್ಟು ಹೋದವನಿಗೆ ಬೇಕಾಯಿತು. ಆಳು, ಅಳಿಯ, ಕುರಿ ಕಾಯುವವನು, ಯಾರೇ ಬೆಟ್ಟ ಇಳಿದು ಹೋದರೂ ಹೊಸ ಊರಿನವರು "ಯಾವ ಕಡೆಯವನು?" ಎಂದು ಕೇಳುತ್ತಿದ್ದರು, ಅವನು "ಥಾರ್ನ್‌ರಾಯ್ಡ್" ಎನ್ನುತ್ತಿದ್ದ, ಅದೇ ಅವನಿಗೆ ಅಂಟಿಕೊಳ್ಳುತ್ತಿತ್ತು. ಒಬ್ಬ ಗಿರಣಿಗೆ ಹೋದ, ಒಬ್ಬ ಕುರಿ ಹಿಂದೆ ಆಸ್ಟ್ರೇಲಿಯಾಕ್ಕೆ, ಒಬ್ಬ ಅಮೆರಿಕದ ಓಹಾಯೋಗೆ, ಒಬ್ಬ ಲಂಡನ್ನಿನಲ್ಲಿ ಗುಮಾಸ್ತನಾದ. ಈಗ ಅವರ ಮೊಮ್ಮಕ್ಕಳೆಲ್ಲ ಒಂದೇ ರಕ್ತವೆಂದುಕೊಂಡು ಪ್ರತಿ ಜುಲೈಯಲ್ಲಿ ಬಂದು ನನ್ನ ಕೇಕು ತಿನ್ನುತ್ತಾರೆ.

ಬಂದವರನ್ನು ಒಳಗೆ ಕರೆಯುವ ಪದ್ಧತಿ ಮಾತ್ರ ಹಳೆಯದು, ಅದರ ಬಗ್ಗೆ ನಾನು ಹಗುರಾಗಿ ಮಾತಾಡುವುದಿಲ್ಲ. ಈ ಕಣಿವೆಯಲ್ಲಿ ಅರ್ಧ ಜನರಿಗೆ ನಾಲ್ಕೇ ನಾಲ್ಕು ಮನೆತನದ ಹೆಸರು. ಅದಕ್ಕೇ ಇಲ್ಲಿ ಒಬ್ಬನನ್ನು ಗುರುತಿಸುವುದು ಅಪ್ಪ, ಅಜ್ಜನಿಂದ. ಮನೆಯ ಯಜಮಾನ ಕಲ್ಲಿನ ಹೊಸ್ತಿಲ ಮೇಲೆ ನಿಂತು "ನೀನ್ಯಾರವನು?" ಎನ್ನುತ್ತಾನೆ. ಬಂದವನು ತನ್ನಪ್ಪ, ಅಜ್ಜ, ಗೊತ್ತಿರುವಷ್ಟು ಹಿಂದಕ್ಕೆ ಹೇಳುತ್ತಾನೆ. "ಒಳಗೆ ಬಾ" ಎಂದು ಯಜಮಾನ ಪಕ್ಕಕ್ಕೆ ಸರಿಯುತ್ತಾನೆ. ಹೆಂಗಸರನ್ನು ಯಾರೂ ಕೇಳುವುದಿಲ್ಲ. ನಾವು ಹಿತ್ತಿಲ ಬಾಗಿಲಿನಿಂದ ಬಂದು ಕೆಟಲ್ ಇಡುತ್ತೇವೆ. ವಿಲ್ಫ್ ಹೆಚ್ಚು ಮಾತಿನವನಲ್ಲ. ವರ್ಷವಿಡೀ ಆಡದ ಮಾತನ್ನೆಲ್ಲ ಆ ಒಂದು ದಿನ ಹೊಸ್ತಿಲ ಮೇಲೆ ನಿಂತು ಆಡುತ್ತಿದ್ದ. ಟೈ ಕಟ್ಟುತ್ತಿದ್ದುದೂ ಅದೊಂದೇ ದಿನ.

ಕ್ಲೈವ್ ನಮ್ಮ ಹೆಸರಿನವರ ಕೂಟಕ್ಕೆ ಅಧ್ಯಕ್ಷನಾದ ಮೇಲೆ, ರಕ್ತಸಂಬಂಧದ ಪರೀಕ್ಷೆಗೆಂದು ಎಲ್ಲರಿಗೂ ಎಂಜಲು ತುಂಬುವ ಕೊಳವೆ ಹಂಚಿದ. ಗಂಡಸರಿಗೆ ಮಾತ್ರ. ಹೆಂಗಸರ ಎಂಜಲಿನಲ್ಲಿ ಗಿಲ್ಬರ್ಟ್ ಸಿಗುವುದಿಲ್ಲವಂತೆ. ಫಲಿತಾಂಶ, ಬಿಲ್ಲೆ ಎರಡೂ ಉಳಿದವರಿಗೆ ಅಂಚೆಯಲ್ಲಿ ಹೋದವು. ವಿಲ್ಫ್‌ಗೆ ಮಾತ್ರ ಕೈಯಾರೆ ತಂದುಕೊಟ್ಟದ್ದು ಹೊಸ್ತಿಲು ಬೇಕಾಗಿತ್ತಲ್ಲ, ಅದಕ್ಕೆ.

ಕ್ಲೈವ್ ಕಾರು ಹತ್ತಿ ಹೋದ ಮೇಲೆ ವಿಲ್ಫ್ ಆ ಬಿಲ್ಲೆಯನ್ನು ಜೇಬಿಗಿಳಿಸಿದ. ಆಮೇಲೆ ಕೇಳಿದ, "ಹಾಗಾದ್ರೆ ನಾನು ಯಾರವನು, ಡೋರೀನ್?"

ಉತ್ತರ ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು, ಇಡೀ ಕಣಿವೆಗೇ ಗೊತ್ತಿತ್ತು. ಅವನ ಅಜ್ಜ ಜಿಮ್‌ನನ್ನು ಚಿಕ್ಕಂದಿನಲ್ಲಿ ಪಟ್ಟಣದ ಅನಾಥರ ಮನೆಯಿಂದ ಕೂಲಿಗೆಂದು ಇಲ್ಲಿಗೆ ತಂದಿದ್ದರು. ಮಕ್ಕಳಿಲ್ಲದ ಗಂಡ ಹೆಂಡತಿ ಅವನನ್ನು ಕೊಟ್ಟಿಗೆಯಿಂದ ಒಳಗೆ ಕರೆದು ಮೇಜಿಗೆ ಕೂರಿಸಿಕೊಂಡರು. ಹೊಲ ಅವನದಾಯಿತು, ಹೆಸರೂ ಅವನದಾಯಿತು. ಎಲ್ಲರಿಗೂ ತಿಳಿದದ್ದನ್ನು ಯಾರೂ ಬಾಯಿಬಿಟ್ಟು ಹೇಳದೆ ಇರುವುದನ್ನೇ ನಮ್ಮವರು ಮರ್ಯಾದೆ ಎನ್ನುತ್ತಾರೆ. ಈ ಮರ್ಯಾದೆಯಲ್ಲಿ ವಿಲ್ಫ್‌ನ ಅಪ್ಪ ನೆಡ್ ಸಾಯುವವರೆಗೂ ಆ ಮಾತೆತ್ತಲಿಲ್ಲ. ಶಾಲೆಯ ಹುಡುಗರು ಮಾತ್ರ ಎತ್ತಿದ್ದರು.

"ನೀನು ನನ್ನವನು. ಮೊದ್ಲು ಊಟ ಮಾಡು," ಎಂದೆ. ಅದು ಉತ್ತರವಲ್ಲವೆಂದು ನನಗೇ ಗೊತ್ತಿತ್ತು.

"ಆ ಕ್ಲೈವ್‌ನನ್ನ ಹೊಸ್ತಿಲ ಮೇಲೆ ನಿಲ್ಲಿಸ್ಬೇಡ ಕಣೋ," ಎಂದೆ ಆಮೇಲೆ.

"ಒಂದು ದಿನದ ಮಾತು. ಯಾಕೆ ರಂಪ," ಎಂದ. ರಂಪ ಬೇಡ ಎಂದೇ ಈ ದೇಶದ ಜನ ಸಾಯುತ್ತಾರೆ.

ಕೂಟದ ಶನಿವಾರ ಜಿನುಗು ಮಳೆ, ಅದರ ಜೊತೆ ಜುಲೈಯ ಸೆಕೆ. ವಿಲ್ಫ್ ಟೈ ಕಟ್ಟಲಿಲ್ಲ. ಮೇಲಿನ ಹೊಲದಲ್ಲಿ ಕಲ್ಲಿನ ಗೋಡೆ ಕುಸಿದಿದೆ ಎಂದು ಹೇಳಿ ಬೆಳಿಗ್ಗೆಯೇ ಹೊರಟ. ಕುಸಿದು ಎರಡು ವರ್ಷವಾಗಿತ್ತು. ಕ್ಲೈವ್ ಸಿಂಹದ ಕೋಟು ತೊಟ್ಟು, ನೀಲಿ ಬಿಲ್ಲೆ ಹೊಳೆಸುತ್ತ ಹೊಸ್ತಿಲು ಹತ್ತಿದ. ಯಾರನ್ನೂ ಏನೂ ಕೇಳಲಿಲ್ಲ. "ಸ್ವಾಗತ, ಸ್ವಾಗತ" ಎಂದು ಕೈ ಕುಲುಕಿದ, ಮದುವೆ ಮನೆಯಲ್ಲಿ ಹುಡುಗಿಯ ಸೋದರಮಾವ ನಿಂತ ಹಾಗೆ.

ಜನ ಬಂದು ನನ್ನ ಅಡುಗೆಮನೆ ತುಂಬಿತು. ಆಗ ನಾನೊಂದು ಗಮನಿಸಿದೆ. ಒಬ್ಬರೂ ಮಳೆಕೋಟು ಬಿಚ್ಚಲಿಲ್ಲ. ಕತ್ತಿನವರೆಗೂ ಗುಂಡಿ ಹಾಕಿಕೊಂಡು, ಎದೆಯ ಎಡಭಾಗವನ್ನು ಒಂದು ಕೈಯಲ್ಲಿ ಮುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಟೀ ಕುಡಿಯುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಮ್ಮವರು ಯಾರೂ ಏನೂ ಅನ್ನುವ ಮೊದಲೇ ಎದೆ ಮುಟ್ಟಿಕೊಂಡಿದ್ದರು.

ನನಗೆ ಅನುಮಾನ ಬಂತು. ಒಲೆಗೆ ಇನ್ನೊಂದು ಬುಟ್ಟಿ ಕಲ್ಲಿದ್ದಲು ಸುರಿದೆ.

"ಸೆಕೆ ಆಯ್ತೇನೋ?" ಎಂದೆ.

"ಇಲ್ಲ ಇಲ್ಲ, ಹಿತವಾಗಿದೆ," ಎಂದರು, ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಿತ್ತು. ಇನ್ನೂ ಒಂದು ಬುಟ್ಟಿ ಸುರಿದೆ. ನಮ್ಮವರು ಬೇಯುತ್ತಾರೆಯೇ ಹೊರತು ಬಾಯಿ ಬಿಡುವವರಲ್ಲ. ಓಹಾಯೋದಿಂದ ಬಂದ ಡಾರ್ಲೀನ್ ಇಲ್ಲದಿದ್ದರೆ ಆ ದಿನ ಅಲ್ಲೊಂದು ಹೆಣ ಬೀಳುತ್ತಿತ್ತು. ಆಕೆ ತಡವಾಗಿ ಬಂದವಳೇ ಕೋಟು ಬಿಚ್ಚಿ ಗೂಟಕ್ಕೆ ಹಾಕಿದಳು. ಅಂಗಿಯ ಮೇಲೆ ಹಳದಿ ಬಿಲ್ಲೆ.

"ನನಗೆ ಹಳದಿ ಬಂತು ನೋಡಿ. ನನ್ನ ತಮ್ಮನ ಎಂಜಲು ಕಳಿಸಿದ್ವಿ, ಕ್ಲೈವ್ ಅವರದ್ದಕ್ಕೆ ಹೊಂದಲೇ ಇಲ್ವಂತೆ. ನಿಮಗೆಲ್ಲ ಯಾವುದು ಬಂತು?"

ಚರ್ಚಿನಲ್ಲಿ ಯಾರೋ ತೇಗಿದರೇನೋ ಎಂಬಂತೆ ಎಲ್ಲರೂ ಟೀ ಕಪ್ಪಿನ ತಳ ನೋಡಿದರು. ಕೊನೆಗೆ ಹ್ಯಾಲಿಫ್ಯಾಕ್ಸಿನ ಮುದುಕಿ ಎಡ್ನಾ, ನನ್ನ ಒಲೆಗೆ ಅತಿ ಹತ್ತಿರ ಕುಳಿತವಳು, ಗಂಡನ ಕಡೆ ತಿರುಗಿದಳು.

"ನೀನು ಬೇಕಾದ್ರೆ ಸಾಯಿ ಆರ್ಥರ್, ನನ್ ಕೈಲಾಗಲ್ಲ," ಎಂದು ಅವನ ಕೋಟಿನ ಗುಂಡಿಗಳನ್ನು ತಾನೇ ಬಿಚ್ಚಿದಳು. ಹಳದಿ.

ಪಕ್ಕದವನು ನೋಡಿದ, ನಿಟ್ಟುಸಿರುಬಿಟ್ಟು ತಾನೂ ಬಿಚ್ಚಿದ. ಹಳದಿ. ಆಮೇಲೆ ಗುಂಡಿಗಳ ಸದ್ದೇ ಸದ್ದು. ಆಸ್ಟ್ರೇಲಿಯಾದವನು ಹಳದಿ, ಲೀಡ್ಸಿನ ಅಣ್ಣತಮ್ಮಂದಿರು ಹಳದಿ. ಅಡುಗೆಮನೆ ಸಾಸಿವೆ ಹೊಲವಾಯಿತು. ಪ್ರತಿಯೊಬ್ಬನೂ ತನ್ನೊಬ್ಬನ ಮನೆಯಲ್ಲೇ ಯಾವುದೋ ಅಜ್ಜಿ ಎಡವಿದ್ದಾಳೆಂದು ನಾಚಿ, ಯಾರಿಗೂ ಹೇಳದೆ ಬಂದಿದ್ದ.

"ಕ್ಲೈವ್ ಅವರೇ, ಅಳತೆಗೋಲು ಯಾರದಿತ್ತು?" ಎಂದು ಕೇಳಿದೆ.

ಹೊಸ್ತಿಲ ಮೇಲಿನ ಕ್ಲೈವ್ ಒಳಗೆ ತಿರುಗಿದ. ಅವನ ಮುಖಕ್ಕೆ ನೀಲಿ ಬಿಲ್ಲೆಯ ಬಣ್ಣವೇ ಬಂದಿತ್ತು. "ಸಹಜವಾಗಿ... ಅಧ್ಯಕ್ಷರದ್ದು. ಎಲ್ಲಿಂದಾದರೂ ಶುರು ಮಾಡ್ಬೇಕಲ್ಲ. ಇನ್ನೂ ಸಂಶೋಧನೆ ಆಗ್ಬೇಕು."

"ಅಂದ್ರೆ ನಮ್ಮ ಯಾರದ್ದೂ ನಿಮಗೆ ಹೊಂದಲ್ಲ. ನಮಗೆ ನೀವು ಹೊಂದಲ್ಲ ಅಂತಲೂ ಹೇಳ್ಬಹುದಲ್ಲ?" ಎಂದಳು ಡಾರ್ಲೀನ್, ಪಾಪ, ನಿಜವಾಗಿಯೂ ತಿಳಿದುಕೊಳ್ಳಲೆಂದೇ.

ನಾನು ಪಾರ್ಕಿನ್ ತಟ್ಟೆ ಎತ್ತಿ ಬೀರುವಿನೊಳಗಿಟ್ಟೆ. "ಎಲ್ಲರೂ ಹೊರಗೆ ನಡೀರಿ. ಈ ಮನೆಗೆ ಇವತ್ತು ಯಾರನ್ನೂ ಯಾರೂ ಕರೆದಿಲ್ಲ. ಕರೆಯೋನು ಮೇಲಿನ ಹೊಲದಲ್ಲಿದಾನೆ."

ಹೋದರು. ಜಿನುಗು ಮಳೆಯಲ್ಲಿ, ಕೋಟಿಲ್ಲದೆ, ಹಳದಿ ಬಿಲ್ಲೆ ಹಾಕಿಕೊಂಡು ಅಂಗಳದಲ್ಲಿ ನಿಂತರು. ಕ್ಲೈವ್ ಕೂಡ ಇಳಿದು ಹೋದ, ಎಡ್ನಾಳ ಕೊಡೆಯ ತುದಿ ಅವನ ಬೆನ್ನ ಹಿಂದೆಯೇ ಇತ್ತು. ಲೀಡ್ಸಿನವನೊಬ್ಬ ಓಡಿಹೋಗಿ ವಿಲ್ಫ್‌ನನ್ನು ಕರೆತಂದ. ಮಂಡಿಯವರೆಗೆ ಕೆಸರು, ಕೈಯಲ್ಲಿ ಇನ್ನೂ ಒಂದು ಕಲ್ಲು. ಅಷ್ಟೊಂದು ಹಳದಿ ನೋಡಿ ನಿಂತುಬಿಟ್ಟ.

"ಹತ್ತು ಹೊಸ್ತಿಲು. ಜನ ನೆನೀತಿದಾರೆ," ಎಂದೆ.

ವಿಲ್ಫ್ ಹತ್ತಲಿಲ್ಲ. ಕಲ್ಲನ್ನು ಕೆಳಗಿಟ್ಟು, ಜೇಬಿನಿಂದ ತನ್ನ ಬಿಲ್ಲೆ ತೆಗೆದು ಚುಚ್ಚಿಕೊಂಡು, ಜನರ ಸಾಲಿನ ಮುಂದೆ ನಿಂತ. "ಮೊದ್ಲು ನನ್ನ ಕೇಳು."

"ಯಜಮಾನನ್ನ ಯಾರು ಕೇಳ್ತಾರೆ?"

"ನೀನು ಕೇಳು, ಡೋರೀನ್."

ಮದುವೆಯಾಗಿ ಬಂದಾಗಿನಿಂದ ಆ ಕಲ್ಲನ್ನು ನಾನು ಉಜ್ಜಿ ತೊಳೆದಿದ್ದೇನೆ, ಅದರ ಮೇಲೆ ನಿಂತಿದ್ದು ಆವತ್ತೇ ಮೊದಲು. "ನೀನ್ಯಾರವನು?" ಎಂದೆ.

"ನೆಡ್‌ನವನು," ಎಂದ ವಿಲ್ಫ್. "ನೆಡ್ ಜಿಮ್‌ನವನು." ಪ್ರತಿವರ್ಷ ಅವನಪ್ಪ ಇದೇ ಹೊಸ್ತಿಲ ಮೇಲೆ ನಿಂತು ಊರವರನ್ನೆಲ್ಲ ಕೇಳಿದ್ದ, ತನ್ನನ್ನು ಯಾರೂ ಕೇಳದಂತೆ ನೋಡಿಕೊಂಡಿದ್ದ. ವಿಲ್ಫ್ ಮುಂದುವರಿಸಿದ. "ಜಿಮ್ ಅನಾಥರ ಮನೆಯಿಂದ ಬಂದೋನು. ಅಲ್ಲಿಂದಾಚೆ ನನಗೆ ಗೊತ್ತಿಲ್ಲ."

"ಒಳಗೆ ಬಾ," ಎಂದೆ. ಕಣ್ಣು ತುಂಬಿ ಬಂತು, ಮಳೆ ಇದ್ದದ್ದು ಒಳ್ಳೆಯದಾಯಿತು.

ಆಮೇಲೆ ಅವನು ಹೊಸ್ತಿಲ ಮೇಲೆ ನಿಂತು ಒಬ್ಬೊಬ್ಬರನ್ನೇ ಕೇಳಿದ. ಡಾರ್ಲೀನಳನ್ನೂ ಕೇಳಿದ, ಎಡ್ನಾಳನ್ನೂ ಕೇಳಿದ. ಎಡ್ನಾ ತಾಯಿ, ಅಜ್ಜಿ, ಮುತ್ತಜ್ಜಿಯವರೆಗೆ ಹೇಳಿದಳು, ಅಷ್ಟು ದಿನ ಕಾದಿದ್ದವಳ ಹಾಗೆ. ಎಲ್ಲರೂ ಒಳಗಾದರು. ಕ್ಲೈವ್ ಒಬ್ಬನೇ ಅಂಗಳದಲ್ಲಿ ಉಳಿದ, ಇಡೀ ವಂಶದಲ್ಲಿ ನೀಲಿ ಬಿಲ್ಲೆಯ ಒಬ್ಬನೇ ವಂಶಸ್ಥ. ನನ್ನನ್ನು ಕೇಳಿದ್ದರೆ ಇನ್ನೊಂದು ಗಂಟೆ ಅಲ್ಲೇ ನೆನೆಯಲು ಬಿಡುತ್ತಿದ್ದೆ.

"ನೀನ್ಯಾರವನು?" ಎಂದ ವಿಲ್ಫ್.

ಕ್ಲೈವ್ ಬಾಯಿ ತೆರೆದ. ಗಿಲ್ಬರ್ಟ್ ನಾಲಿಗೆಯ ತುದಿಗೆ ಬಂದಿದ್ದು ನನಗೆ ಕಂಡಿತು. ನುಂಗಿಕೊಂಡ. "ಸ್ಟ್ಯಾನ್ಲಿಯವನು," ಎಂದ.

"ಸ್ಟ್ಯಾನ್ಲಿ?"

"ಹರ್ಬರ್ಟ್‌ನವನು. ಲಂಡನ್ನಿಗೆ ಬಂದೋರು ಅವರೇ."

"ಹರ್ಬರ್ಟ್?"

ಕ್ಲೈವ್ ನನ್ನನ್ನು ನೋಡಿದ, ಸಿಂಹದ ಜೇಬನ್ನು ನೋಡಿಕೊಂಡ. "ಗೊತ್ತಿಲ್ಲ," ಎಂದ, ಮೆಲ್ಲಗೆ.

"ನಂದೂ ಅಲ್ಲಿಗೇ ನಿಲ್ಲುತ್ತೆ," ಎಂದು ವಿಲ್ಫ್ ಪಕ್ಕಕ್ಕೆ ಸರಿದ. "ಕಾಲು ಒರೆಸ್ಕೊಂಡು ಒಳಗೆ ಬಾ."